ಕೀ ಒತ್ತಿದರೆ ಸದ್ದೇ ಬರುತ್ತಿಲ್ಲ: ರೀಪರ್‌ನಲ್ಲಿ ಮಿಡಿ ಟ್ರ್ಯಾಕ್, ತಂಬೂರಿ, ವೀಣೆ

ಶಾಲೆ ಮೇಷ್ಟ್ರು · ಭಾನುವಾರ, ರಾತ್ರಿ 9.10

ಎಲ್ಲರಿಗೂ ನಮಸ್ಕಾರ. ನಾನು ಸಿದ್ದಾಪುರ ತಾಲ್ಲೂಕಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರು. ನಮ್ಮ ಐದನೇ ತರಗತಿ ಮಕ್ಕಳು ಮಳೆಯ ಮೇಲೆ ಒಂದು ಹಾಡು ಬರೆದಿದ್ದಾರೆ. ನಾನು ಅದಕ್ಕೆ ಮೋಹನ ರಾಗದಲ್ಲಿ ಧಾಟಿ ಹಾಕಿದ್ದೇನೆ. ತಾಳ ಮಿಶ್ರ ಛಾಪು, ಏಳು ಎಣಿಕೆಯದು. ಅದನ್ನು ಚೆನ್ನಾಗಿ ರೆಕಾರ್ಡ್ ಮಾಡಿ, ವರ್ಷ ಮುಗಿಯುವುದರೊಳಗೆ ಮಕ್ಕಳ ಕೈಗೆ ಕೊಡಬೇಕು ಅಂತ ಆಸೆ. ಹಿಂದೆ ತಂಬೂರಿ, ವೀಣೆಯಂಥ ಒಂದು ತಂತಿ ವಾದ್ಯ, ಮೃದಂಗ ಇದ್ದರೆ ಸಾಕು.

25 ಕೀಗಳ ಯುಎಸ್‌ಬಿ ಕೀಬೋರ್ಡ್ ತಂದಿದ್ದೇನೆ. ವಿಂಡೋಸ್ ಲ್ಯಾಪ್‌ಟಾಪ್, 8 ಜಿಬಿ. ರೆಕಾರ್ಡಿಂಗ್ ಮಾಡುವ ರೀಪರ್ ಸಾಫ್ಟ್‌ವೇರ್ ಹಾಕಿಕೊಂಡೆ. ಉಚಿತವಾಗಿ ಸಿಗುವ ಒಂದೆರಡು ವರ್ಚುವಲ್ ವಾದ್ಯಗಳನ್ನೂ ಹಾಕಿಕೊಂಡೆ. ವಾದ್ಯದ ಕಿಟಕಿ ತೆರೆಯುತ್ತದೆ. ಅದರಲ್ಲಿರುವ ಚಿತ್ರದ ಕೀಗಳನ್ನು ಮೌಸ್‌ನಿಂದ ಒತ್ತಿದರೆ ಸದ್ದು ಬರುತ್ತದೆ. ನನ್ನ ಕೀಬೋರ್ಡ್ ಒತ್ತಿದರೆ ಏನೂ ಇಲ್ಲ. ಮೂರು ದಿನದಿಂದ ಕೂತಿದ್ದೇನೆ. ಯಾರಾದರೂ ದಾರಿ ತೋರಿಸಿ.

ಒಂದೂವರೆ ಮನೆ · ಭಾನುವಾರ, ರಾತ್ರಿ 9.48

ಮೇಷ್ಟ್ರೇ, ನೀವು ಬರೆದಿರುವುದರಲ್ಲೇ ಅರ್ಧ ಉತ್ತರ ಇದೆ. ಮೌಸ್‌ನಿಂದ ಒತ್ತಿದಾಗ ಸದ್ದು ಬಂತು ಅಂದರೆ ವಾದ್ಯ ಸರಿಯಿದೆ, ಸ್ಪೀಕರ್ ಸರಿಯಿದೆ, ನಡುವೆ ಇರುವ ಟ್ರ್ಯಾಕ್‌ನ ಧ್ವನಿಯೂ ಸರಿಯಿದೆ. ತೊಂದರೆ ಇರುವುದು ನಿಮ್ಮ ಬೆರಳಿನಿಂದ ವಾದ್ಯದವರೆಗಿನ ದಾರಿಯಲ್ಲಿ. ತೋಟಕ್ಕೆ ನೀರು ಬರಲಿಲ್ಲ ಅಂದರೆ ಜೆಟ್‌ನಿಂದ ಹಿಂದಕ್ಕೆ ಪೈಪ್ ಹಿಡಿದು ನೋಡಿಕೊಂಡು ಹೋಗುತ್ತೀರಿ ಅಲ್ವಾ, ಇಲ್ಲೂ ಹಾಗೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮಿಡಿಯಲ್ಲಿ ಸದ್ದು ಇರುವುದಿಲ್ಲ. ನಿಮ್ಮ ಕೀಬೋರ್ಡ್ ಕಳಿಸುವುದು ಬರೀ ಸುದ್ದಿ: 'ಇಷ್ಟನೇ ಕೀ ಒತ್ತಿದರು, ಇಷ್ಟು ಜೋರಾಗಿ ಒತ್ತಿದರು, ಈಗ ಬಿಟ್ಟರು.' ಕೀಗೆ 0ರಿಂದ 127ರವರೆಗೆ ನಂಬರ್. ಒತ್ತಿದ ಜೋರಿಗೆ 1ರಿಂದ 127. ಅಷ್ಟೇ. ಅದನ್ನು ಓದಿ ಸದ್ದು ಮಾಡುವುದು ವರ್ಚುವಲ್ ವಾದ್ಯದ ಕೆಲಸ. ನೀವು ಬೋರ್ಡಿನ ಮೇಲೆ ಸ್ವರ ಬರೆದು ಮಕ್ಕಳಿಂದ ಹಾಡಿಸುತ್ತೀರಲ್ಲ, ಮಿಡಿ ಅಂದರೆ ಆ ಬೋರ್ಡಿನ ಬರಹ.

ಈಗ ನೋಡಬೇಕಾದ್ದು. ಪ್ರಿಫರೆನ್ಸಸ್‌ಗೆ ಹೋಗಿ. ಹೊಸ ಆವೃತ್ತಿಯಾದರೆ 'ಮಿಡಿ ಇನ್‌ಪುಟ್ಸ್', ಹಳೆಯದಾದರೆ 'ಮಿಡಿ ಡಿವೈಸಸ್'. ಅಲ್ಲಿ ನಿಮ್ಮ ಕೀಬೋರ್ಡ್ ಹೆಸರು ಕಾಣುತ್ತದಾ? ಕಂಡರೆ ಅದನ್ನು 'ಎನೇಬಲ್' ಮಾಡಿ. ಆಮೇಲೆ 'ಇನ್ಸರ್ಟ್' ಮೆನುವಿನಲ್ಲಿ 'ವರ್ಚುವಲ್ ಇನ್‌ಸ್ಟ್ರುಮೆಂಟ್ ಆನ್ ನ್ಯೂ ಟ್ರ್ಯಾಕ್' ಒತ್ತಿ ವಾದ್ಯ ಆರಿಸಿ. ಆ ಟ್ರ್ಯಾಕ್‌ನ ಕೆಂಪು ಗುಂಡಿ ಹೊತ್ತಿರಬೇಕು. ಇನ್‌ಪುಟ್ 'ಮಿಡಿ, ಆಲ್ ಇನ್‌ಪುಟ್ಸ್, ಆಲ್ ಚಾನೆಲ್ಸ್' ಇರಬೇಕು. ಮಾನಿಟರ್ (ನುಡಿಸುತ್ತಿರುವುದನ್ನು ಕೇಳಿಸುವ ಗುಂಡಿ) ಆನ್ ಇರಬೇಕು. ಇಷ್ಟು ಮಾಡಿ ಕೀ ಒತ್ತಿ, ಟ್ರ್ಯಾಕ್‌ನ ಮೀಟರ್ ಅಲುಗುತ್ತದಾ ಹೇಳಿ.

ಶಾಲೆ ಮೇಷ್ಟ್ರು · ಭಾನುವಾರ, ರಾತ್ರಿ 10.25

ಕೀಬೋರ್ಡ್ ಹೆಸರು ಕಾಣುತ್ತದೆ. ಎನೇಬಲ್ ಮಾಡಿದೆ. ಕೆಂಪು ಗುಂಡಿ ಹೊತ್ತಿದೆ. ಮಾನಿಟರ್ ಆನ್. ಮೀಟರ್ ಅಲುಗುತ್ತಿಲ್ಲ. ಆದರೆ ಇದೇ ಕೀಬೋರ್ಡ್ ಬ್ರೌಸರ್‌ನಲ್ಲಿ ಪಿಯಾನೊ ಕಲಿಸುವ ಒಂದು ಪುಟದಲ್ಲಿ ಚೆನ್ನಾಗಿ ನುಡಿಯುತ್ತದೆ. ಈಗಲೂ ಆ ಪುಟ ತೆರೆದಿದೆ, ಅಲ್ಲಿ ಕೀ ಬೆಳಗುತ್ತಿದೆ.

ಪೆಂಗ್ವಿನ್ ಹಕ್ಕಿ · ಭಾನುವಾರ, ರಾತ್ರಿ 10.31

ಸರ್, ಆ ಪುಟವೇ ಕಾರಣ! ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಯುಎಸ್‌ಬಿ ಮಿಡಿ ಕೀಬೋರ್ಡನ್ನು ಒಂದು ಸಲಕ್ಕೆ ಒಂದೇ ಪ್ರೋಗ್ರಾಂ ಹಿಡಿದುಕೊಳ್ಳಬಹುದು. ಮೊದಲು ಹಿಡಿದವರಿಗೆ ಸಿಗುತ್ತದೆ, ಎರಡನೆಯವರಿಗೆ ಇಲ್ಲ. ಬ್ರೌಸರ್ ಪೂರ್ತಿ ಮುಚ್ಚಿ. ರೀಪರ್ ಮುಚ್ಚಿ. ಕೀಬೋರ್ಡ್ ಕಿತ್ತು ಮತ್ತೆ ಸಿಕ್ಕಿಸಿ. ಆಮೇಲೆ ರೀಪರ್ ಒಂದನ್ನೇ ತೆರೆಯಿರಿ.

ನಾನು ಲಿನಕ್ಸ್‌ನಲ್ಲಿ ಆರ್ಡರ್ (Ardour) ಅನ್ನುವ ರೆಕಾರ್ಡಿಂಗ್ ಪ್ರೋಗ್ರಾಂ ಬಳಸುವವಳು. ಅಲ್ಲಿ ಹಲವು ಪ್ರೋಗ್ರಾಂಗಳು ಒಂದೇ ಕೀಬೋರ್ಡ್ ಕೇಳಿಸಿಕೊಳ್ಳಬಹುದು. ಆದರೆ ವಿಂಡೋಸ್ ಇದ್ದ ಕಾಲದಲ್ಲಿ ನಾನೂ ಇದೇ ಗುಂಡಿಗೆ ಬಿದ್ದಿದ್ದೆ.

ಶಾಲೆ ಮೇಷ್ಟ್ರು · ಭಾನುವಾರ, ರಾತ್ರಿ 10.44

ಬಂತು! ಸದ್ದು ಬಂತು! ಮನೆಯವರೆಲ್ಲ ಎದ್ದು ಬಂದರು. ನಿಮ್ಮಿಬ್ಬರಿಗೂ ಎಷ್ಟು ಧನ್ಯವಾದ ಹೇಳಿದರೂ ಸಾಲದು.

ಇನ್ನೊಂದು ಕೇಳುತ್ತೇನೆ. ಕೀ ಒತ್ತಿದ ಮೇಲೆ ಸ್ವಲ್ಪ ತಡವಾಗಿ ಕೇಳುತ್ತಿದೆ. ಬೆರಳು ಮುಂದೆ, ಸದ್ದು ಹಿಂದೆ. ಛಾಪು ತಾಳದಲ್ಲಿ ನುಡಿಸಲು ಆಗುತ್ತಿಲ್ಲ.

ಒಂದೂವರೆ ಮನೆ · ಸೋಮವಾರ, ಬೆಳಿಗ್ಗೆ 7.05

ಮೊದಲು ಒಂದು ಪ್ರಶ್ನೆ. ಕೇಳುತ್ತಿರುವುದು ಬ್ಲೂಟೂತ್ ಹೆಡ್‌ಫೋನ್‌ನಲ್ಲಾ? ಹೌದಾದರೆ ಅದನ್ನು ತೆಗೆದಿಡಿ. ಬ್ಲೂಟೂತ್ ತಾನೇ ತಡ ಮಾಡುತ್ತದೆ, ನೀವು ಯಾವ ಸೆಟ್ಟಿಂಗ್ ಬದಲಿಸಿದರೂ ಅದು ಹೋಗುವುದಿಲ್ಲ. ವೈರ್ ಇರುವ ಹೆಡ್‌ಫೋನ್ ಬೇಕು.

ಆಮೇಲೆ ಆಡಿಯೊ ಡಿವೈಸ್. ಹೊರಗಿನ ಆಡಿಯೊ ಇಂಟರ್‌ಫೇಸ್ (ಧ್ವನಿ ಒಳಗೆ ಹೊರಗೆ ಸಾಗಿಸುವ ಪೆಟ್ಟಿಗೆ) ಇದ್ದರೆ ಅದರ ಜೊತೆ ಬರುವ ಆಸಿಯೊ ಡ್ರೈವರ್ (ತಡ ಕಡಿಮೆ ಮಾಡುವ ಸಾಫ್ಟ್‌ವೇರ್) ಆರಿಸಿ. ಇಲ್ಲದಿದ್ದರೆ ಆಸಿಯೊಫೋರ್‌ಆಲ್ ಅಂತ ಉಚಿತ ಡ್ರೈವರ್ ಇದೆ. ಲ್ಯಾಪ್‌ಟಾಪ್‌ನ ಸೌಂಡ್ ಕಾರ್ಡ್‌ಗೂ ಸಾಕಾಗುತ್ತದೆ. ನಂತರ ಬಫರ್ ಇಳಿಸಿ, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟು ಕಳಿಸುವ ಧ್ವನಿಯ ಚೂರುಗಳ (ಸ್ಯಾಂಪಲ್) ಸಂಖ್ಯೆ. ಲೆಕ್ಕ ಸುಲಭ. ಸೆಕೆಂಡಿಗೆ 44,100 ಸ್ಯಾಂಪಲ್ ಓಡುತ್ತಿರುವಾಗ 1024ರ ಬಫರ್ ಅಂದರೆ ಸುಮಾರು 23 ಮಿಲಿಸೆಕೆಂಡ್. 512 ಅಂದರೆ ಸುಮಾರು 12. 128 ಅಂದರೆ ಸುಮಾರು 3. ಇದರ ಮೇಲೆ ಡ್ರೈವರ್, ಯುಎಸ್‌ಬಿ ಸೇರಿ ಇನ್ನೊಂದಿಷ್ಟು. ನುಡಿಸುವಾಗ 128 ಅಥವಾ 256 ಇಟ್ಟುಕೊಳ್ಳಿ. ಚಟಪಟ ಸದ್ದು ಬಂದರೆ ಲ್ಯಾಪ್‌ಟಾಪ್‌ಗೆ ಅಷ್ಟು ಬೇಗ ಲೆಕ್ಕ ಮುಗಿಸಲು ಆಗುತ್ತಿಲ್ಲ ಅಂತ ಅರ್ಥ. ಆಗ ಒಂದು ಹೆಜ್ಜೆ ಮೇಲೇರಿಸಿ. ನುಡಿಸುವುದು ಮುಗಿದು ಮಿಕ್ಸ್ ಮಾಡುವಾಗ 1024 ಇದ್ದರೂ ತೊಂದರೆ ಇಲ್ಲ, ಆಗ ತಡ ಯಾರಿಗೂ ಗೊತ್ತಾಗುವುದಿಲ್ಲ.

8 ಜಿಬಿಯಲ್ಲಿ ದೊಡ್ಡ ವಾದ್ಯಗಳು ಮೂರು ನಾಲ್ಕು ಆದರೆ ಉಸಿರು ಕಟ್ಟುತ್ತದೆ. ನುಡಿಸಿ ಆಗಿರುವ ಟ್ರ್ಯಾಕನ್ನು 'ಫ್ರೀಜ್' ಮಾಡಿ. ಅದು ಧ್ವನಿಯ ಫೈಲ್ ಆಗಿ ಕೂರುತ್ತದೆ, ವಾದ್ಯ ಇಳಿದುಹೋಗುತ್ತದೆ. ತಿದ್ದಬೇಕು ಅನಿಸಿದಾಗ ಅನ್‌ಫ್ರೀಜ್ ಮಾಡಿದರೆ ಮಿಡಿ ಹಾಗೇ ವಾಪಸ್ ಸಿಗುತ್ತದೆ.

ಮಿಶ್ರ ಛಾಪು ಅಂದಿರಿ. ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ತಾಳ 4/4 ಅಂತ ಇರುತ್ತದೆ. ಅದನ್ನು 7/8 ಮಾಡಿಕೊಳ್ಳಿ. ಇಲ್ಲದಿದ್ದರೆ ಮೆಟ್ರೊನೋಮ್ ಒತ್ತು ತಪ್ಪಿದ ಜಾಗದಲ್ಲಿ ಬಿದ್ದು ಮಕ್ಕಳ 'ತಕಿಟ ತಕದಿಮಿ' ಎಲ್ಲಾ ಕಲಸಿಹೋಗುತ್ತದೆ. ಟೆಂಪೊವನ್ನೂ ಮೊದಲೇ ಗಟ್ಟಿ ಮಾಡಿ. ಮಿಡಿ, ಹಾಡು ಎರಡೂ ರೆಕಾರ್ಡ್ ಆದ ಮೇಲೆ ಟೈಮ್‌ಬೇಸ್ (ಟೆಂಪೊ ಬದಲಾದಾಗ ಟ್ರ್ಯಾಕ್ ತಾಳಕ್ಕೆ ಅಂಟಬೇಕಾ, ಸಮಯಕ್ಕಾ ಅನ್ನುವ ಸೆಟ್ಟಿಂಗ್) ನೋಡದೆ ಟೆಂಪೊ ಮುಟ್ಟಿದರೆ ಎರಡೂ ಬೇರೆ ಬೇರೆ ಕಡೆ ಹೊರಟುಬಿಡಬಹುದು.

ಕಪ್ಪು ಮೂರು · ಸೋಮವಾರ, ಮಧ್ಯಾಹ್ನ 1.20

ನಾನು ಹಾರ್ಮೋನಿಯಂ ನುಡಿಸುವವನು, ಹಾಗಾಗಿ ಶ್ರುತಿ ಬಗ್ಗೆ ಒಂದು ಮಾತು. ಮೇಷ್ಟ್ರೇ, ಮೊದಲು ಮಕ್ಕಳ ಶ್ರುತಿ ಹಿಡಿಯಿರಿ. ಅವರು ಆಟದ ಬಯಲಲ್ಲಿ ಸುಮ್ನೆ ಹಾಡುವಾಗ ಕೇಳಿ. ಕೀಬೋರ್ಡ್‌ನಲ್ಲಿ ನಮಗೆ ಸುಲಭ ಅಂತ ಷಡ್ಜವನ್ನು ಬಿಳಿ ಒಂದಕ್ಕೆ (ಮೊದಲ ಬಿಳಿ ಕೀ, ಸಿ) ಕೂರಿಸಬೇಡಿ. ಮಿಡಿಯ ದೊಡ್ಡ ಉಪಕಾರ ಇದೇ: ಎಲ್ಲ ನೋಟ್ ಆರಿಸಿ ಮೇಲೆ ಕೆಳಗೆ ಸರಿಸಿದರೆ ಆಯ್ತು. ನೀವು ಬಿಳಿ ಒಂದರಲ್ಲೇ ನುಡಿಸಿ, ಆಮೇಲೆ ಮಕ್ಕಳ ಶ್ರುತಿಗೆ ಎತ್ತಿ.

ಶಾಲೆ ಮೇಷ್ಟ್ರು · ಸೋಮವಾರ, ಸಂಜೆ 6.40

ಇವತ್ತು ಬಯಲಲ್ಲಿ ಕೇಳಿದೆ. ಬಿಳಿ ಐದರ ಹತ್ತಿರ ಹಾಡುತ್ತಾರೆ. ಅಲ್ಲಿಗೇ ಎತ್ತಿದ್ದೇನೆ. ತಡ ಕೂಡ ಹೋಯಿತು. ಬ್ಲೂಟೂತೇ ಕಾರಣ.

ತಂಬೂರಿ ಟ್ರ್ಯಾಕ್ ಮಾಡಿದೆ. ಪ, ಸ, ಸ, ಮಂದ್ರ ಸ. ಆದರೆ ಎರಡು ಸಮಸ್ಯೆ. ಹಾಡಿನ ನಡುವಿನಿಂದ ಪ್ಲೇ ಮಾಡಿದರೆ ತಂಬೂರಿ ಕೇಳುವುದೇ ಇಲ್ಲ. ಎರಡನೆಯದು, ವೀಣೆ ಟ್ರ್ಯಾಕ್ ಕೇಳಿ ನನಗೇ ಬೇಜಾರಾಯಿತು. ಸ್ವರ ಎಲ್ಲ ಸರಿ ಇದೆ, ಆದರೆ ಅದು ವೀಣೆ ಅಲ್ಲ. ಮೋಹನವೂ ಅಲ್ಲ ಅನಿಸುತ್ತದೆ.

ಪೆಂಗ್ವಿನ್ ಹಕ್ಕಿ · ಸೋಮವಾರ, ರಾತ್ರಿ 8.02

ಮೊದಲನೆಯದಕ್ಕೆ ಉತ್ತರ ಸಣ್ಣದು. ನೀವು ತಂಬೂರಿಗೆ ತುಂಬಾ ಉದ್ದದ ನೋಟ್ ಎಳೆದಿದ್ದೀರಿ ಅನಿಸುತ್ತದೆ. 'ಒತ್ತಿದರು' ಅನ್ನುವ ಸುದ್ದಿ ನೋಟ್‌ನ ಶುರುವಿನಲ್ಲಿ ಒಂದೇ ಸಲ ಹೋಗುತ್ತದೆ. ನೀವು ನಡುವಿನಿಂದ ಪ್ಲೇ ಮಾಡಿದರೆ ಆ ಸುದ್ದಿ ವಾದ್ಯಕ್ಕೆ ಸಿಗುವುದೇ ಇಲ್ಲ. ನೋಟ್‌ಗಳನ್ನು ಚಿಕ್ಕದು ಮಾಡಿ, ಒಂದು ಮುಗಿಯುವ ಮೊದಲೇ ಇನ್ನೊಂದು ಶುರುವಾಗುವಂತೆ ಇಡಿ. ನಿಜವಾದ ತಂಬೂರಿಯಲ್ಲಿ ಬೆರಳು ಹೋಗುವುದೂ ಹಾಗೇ ಅಲ್ವಾ. ಚೆನ್ನಾಗಿ ಕೂತ ಮೇಲೆ ಧ್ವನಿಯ ಫೈಲ್ ಮಾಡಿಬಿಡಿ.

ತಂತಿ ಮತ್ತು ಮೆಟ್ಟಿಲು · ಸೋಮವಾರ, ರಾತ್ರಿ 9.35

ಮೇಷ್ಟ್ರೇ, ನಾನು ವೀಣೆ ಕಲಿಸುತ್ತೇನೆ. ನಾಲ್ಕು ವರ್ಷದಿಂದ ಮಿಡಿಯಲ್ಲೂ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಬೇಜಾರು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಇದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನೀವು ಪ್ರತಿ ಸ್ವರಕ್ಕೂ ಒಂದು ಕೀ ಒತ್ತಿದ್ದೀರಿ. ವೀಣೆಯಲ್ಲಿ ನಾವು ಪ್ರತಿ ಸ್ವರಕ್ಕೂ ಮೀಟುವುದಿಲ್ಲ. ಒಂದು ಮೀಟು ಹಾಕಿ, ಆ ನಾದ ಇರುವಷ್ಟು ಹೊತ್ತು ಎಡಗೈಯಲ್ಲಿ ಎಳೆದು, ಜಾರಿಸಿ, ಎರಡು ಮೂರು ಸ್ವರ ತೆಗೆಯುತ್ತೇವೆ. ಮಿಡಿಯಲ್ಲಿ ಒಂದು ನೋಟ್ ಅಂದರೆ ಒಂದು ಮೀಟು. ಇದೊಂದು ತಲೆಗೆ ಹೋದ ದಿನ ನನ್ನ ಕೆಲಸವೇ ಬದಲಾಯಿತು. ಮೊದಲು ನಿಮ್ಮ ಧಾಟಿಯನ್ನು ಹಾಡಿಕೊಳ್ಳಿ, ಎಲ್ಲೆಲ್ಲಿ ಮೀಟು ಬೀಳಬೇಕು ಅಂತ ಗುರುತು ಹಾಕಿ. ಅಲ್ಲಿ ಮಾತ್ರ ನೋಟ್ ಇಡಿ. ಉಳಿದ ಸ್ವರಗಳನ್ನು ಪಿಚ್ ಬೆಂಡ್‌ನಲ್ಲಿ, ಅಂದರೆ ನುಡಿಯುತ್ತಿರುವ ನೋಟನ್ನೇ ಮೇಲೆ ಕೆಳಗೆ ಬಾಗಿಸುವ ಮಿಡಿ ಸುದ್ದಿಯಲ್ಲಿ, ತೆಗೆಯಿರಿ.

ಪಿಚ್ ಬೆಂಡ್‌ನಲ್ಲಿ ಒಂದು ಅಡ್ಡಿ ಇದೆ. ಹೆಚ್ಚಿನ ವಾದ್ಯಗಳಲ್ಲಿ ಅದು ಮೇಲೆ ಎರಡು ಸ್ವರಸ್ಥಾನ (ಬಿಳಿ, ಕಪ್ಪು ಸೇರಿ ಎರಡು ಕೀ), ಕೆಳಗೆ ಎರಡು ಸ್ವರಸ್ಥಾನಕ್ಕೆ ಇರುತ್ತದೆ. ಮೋಹನದಲ್ಲಿ ಗಾಂಧಾರದಿಂದ ಪಂಚಮಕ್ಕೆ ಮೂರು ಸ್ವರಸ್ಥಾನ. ಮಧ್ಯಮವೇ ಇಲ್ಲವಲ್ಲ! ಆ ಜಾರು ಎರಡರಲ್ಲಿ ಮುಟ್ಟುವುದೇ ಇಲ್ಲ. ವಾದ್ಯದ ಕಿಟಕಿಯೊಳಗೆ ಬೆಂಡ್ ರೇಂಜ್ ಹುಡುಕಿ 12 ಮಾಡಿ. ಇದು ಟ್ರ್ಯಾಕ್‌ನಲ್ಲಿ ಇರುವುದಿಲ್ಲ, ವಾದ್ಯದಲ್ಲೇ ಬದಲಿಸಬೇಕು. ನಡುವಿನಿಂದ ಮೇಲಕ್ಕೆ ಸುಮಾರು 8192 ಮೆಟ್ಟಿಲು ಇರುತ್ತವೆ. 12 ಸ್ವರಸ್ಥಾನಕ್ಕೆ ಅಷ್ಟಾದರೆ, ಗಾಂಧಾರದಿಂದ ಪಂಚಮಕ್ಕೆ 2048.

ಜಾರನ್ನು ನೇರ ಗೆರೆ ಎಳೆಯಬೇಡಿ. ನೇರ ಗೆರೆ ಎಳೆದರೆ ಸೈರನ್ ಥರ ಕೇಳುತ್ತದೆ. ಕೈ ಗಾಂಧಾರದಲ್ಲಿ ಒಂದು ಕ್ಷಣ ನಿಲ್ಲುತ್ತದೆ, ಆಮೇಲೆ ಬೇಗ ಹೋಗುತ್ತದೆ, ಪಂಚಮದ ಹತ್ತಿರ ಮೆತ್ತಗೆ ಕೂರುತ್ತದೆ. ಗೆರೆಯೂ ಹಾಗೇ ಬಾಗಬೇಕು. ಗೊತ್ತಾಗದಿದ್ದರೆ ಒಂದು ವೀಣೆ ಧ್ವನಿಯನ್ನು ನಿಧಾನ ಮಾಡಿ ಕೇಳಿ. ನಾನು ಮೊದಲ ತಿಂಗಳು ಬೇರೇನೂ ಮಾಡಲಿಲ್ಲ, ಬರೀ ಇದನ್ನೇ ಮಾಡಿದೆ.

ಪ್ರತಿ ಮೀಟಿನ ಕೊನೆಯಲ್ಲಿ ಬೆಂಡನ್ನು ಸೊನ್ನೆಗೆ ತನ್ನಿ. ಇಲ್ಲದಿದ್ದರೆ ಮುಂದಿನ ಮೀಟು ಅಪಶ್ರುತಿಯಲ್ಲಿ ಬೀಳುತ್ತದೆ, ಎಲ್ಲಿ ತಪ್ಪಾಯಿತು ಅಂತ ಗಂಟೆಗಟ್ಟಲೆ ಹುಡುಕುತ್ತೀರಿ. ತಂಬೂರಿ, ವೀಣೆ ಎರಡನ್ನೂ ಒಂದೇ ಚಾನೆಲ್‌ನಲ್ಲಿ (ಮಿಡಿ ಸುದ್ದಿ ಹೋಗುವ ಹಾದಿ), ಒಂದೇ ವಾದ್ಯದಲ್ಲಿ ಇಡಲೇಬೇಡಿ. ಬೆಂಡ್ ಇಡೀ ಚಾನೆಲ್‌ಗೆ ತಗಲುತ್ತದೆ. ವೀಣೆ ಜಾರಿದರೆ ತಂಬೂರಿಯೂ ಜಾರುತ್ತದೆ.

ಮೀಟಿನ ಜೋರನ್ನೂ ನೋಡಿ. ಎಲ್ಲ ನೋಟ್ 100 ಇದ್ದರೆ ಪ್ರಾಣ ಇರುವುದಿಲ್ಲ. ತಾಳದ ಎತ್ತುಗಡೆಯಲ್ಲಿ ಜಾಸ್ತಿ, ಪಕ್ಕದ ಸ್ವರಗಳಿಗೆ 60, 70.

ಕಪ್ಪು ಮೂರು · ಸೋಮವಾರ, ರಾತ್ರಿ 10.15

ಅಕ್ಕ, ತುಂಬಾ ಚೆನ್ನಾಗಿ ಹೇಳಿದಿರಿ. ಇದೇ ಕಾರಣಕ್ಕೆ 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ನಿಷೇಧಿಸಿತ್ತು. 1971ರವರೆಗೆ ಅದಕ್ಕೆ ಅಲ್ಲಿ ಜಾಗ ಇರಲಿಲ್ಲ. ಕೀ ವಾದ್ಯದಲ್ಲಿ ಗಮಕ ಬರುವುದಿಲ್ಲ, ಶ್ರುತಿ ಕೂರುವುದಿಲ್ಲ ಅನ್ನುವುದೇ ದೂರು. ನಾನು ಆ ವಾದ್ಯವನ್ನೇ ನಂಬಿ ಬದುಕಿದವನು, ಆದರೂ ದೂರಿನಲ್ಲಿ ಸತ್ಯ ಇದೆ ಅಂತ ಒಪ್ಪುತ್ತೇನೆ. ಮಿಡಿ ಕೂಡ ಕೀಬೋರ್ಡ್‌ಗಳನ್ನು ಮನಸ್ಸಿನಲ್ಲಿಟ್ಟು ಹುಟ್ಟಿದ್ದು.

ಒಂದೂವರೆ ಮನೆ · ಸೋಮವಾರ, ರಾತ್ರಿ 10.40

ಹೌದು. 1983ರಲ್ಲಿ ಬೇರೆ ಬೇರೆ ಕಂಪನಿಗಳ ಸಿಂಥ್‌ಗಳು (ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ವಾದ್ಯಗಳು) ಒಂದರೊಡನೆ ಒಂದು ಮಾತಾಡಲಿ ಅಂತ ಬಂದದ್ದು. ರೋಲ್ಯಾಂಡ್‌ನ ಇಕುತಾರೊ ಕಾಕೆಹಾಶಿ, ಸೀಕ್ವೆನ್ಶಿಯಲ್ ಸರ್ಕಿಟ್ಸ್‌ನ ಡೇವ್ ಸ್ಮಿತ್ ಅದರ ಹಿಂದೆ ದುಡಿದವರು. ಆಮೇಲೆ 1991ರಲ್ಲಿ ಜನರಲ್ ಮಿಡಿ ಅಂತ 128 ವಾದ್ಯಗಳ ಪಟ್ಟಿ ಬಂತು. ಅದರಲ್ಲಿ 105ನೆಯದು ಸಿತಾರ್, 112ನೆಯದು ಶಹನಾಯಿ. ವೀಣೆ ಇಲ್ಲ. ಆ ಪಟ್ಟಿ ನೋಡಿದಾಗಲೆಲ್ಲ ನನಗೆ ನೋವಾಗುತ್ತದೆ.

ಈಗ ದಾರಿ ತೆರೆದಿದೆ. 2018ರಲ್ಲಿ ಎಂಪಿಇ (ಮಿಡಿ ಪಾಲಿಫೋನಿಕ್ ಎಕ್ಸ್‌ಪ್ರೆಶನ್) ಅನ್ನುವ ಮಿಡಿ ಪದ್ಧತಿ ಮಾನ್ಯವಾಯಿತು. ಅದರಲ್ಲಿ ಪ್ರತಿ ನೋಟ್‌ಗೂ ಅದರದೇ ಚಾನೆಲ್, ಅದರದೇ ಬೆಂಡ್. ಒಂದು ಸ್ವರ ಅಲುಗಿಸಿದರೆ ಪಕ್ಕದ್ದು ಅಲುಗುವುದಿಲ್ಲ. ಆದರೆ ಮೇಷ್ಟ್ರಿಗೆ ಈಗ ಅದು ಬೇಡ. ವೀಣೆ ಟ್ರ್ಯಾಕ್ ಒಂದು ಸಲಕ್ಕೆ ಒಂದೇ ಸ್ವರ, ಅಕ್ಕ ಹೇಳಿದ್ದು ಸಾಕು.

ಶಾಲೆ ಮೇಷ್ಟ್ರು · ಬುಧವಾರ, ರಾತ್ರಿ 9.00

ಎರಡು ರಾತ್ರಿ ಕೂತೆ. ಮೊದಲ ಸಾಲಿಗೆ 22 ನೋಟ್ ಇದ್ದವು, ಈಗ 9 ಮೀಟು ಇವೆ. ಹೆಂಡತಿ ಅಡುಗೆಮನೆಯಿಂದ 'ಯಾರು ವೀಣೆ ನುಡಿಸುತ್ತಿರುವುದು' ಅಂತ ಕೇಳಿದಳು. ಅಕ್ಕ, ನಿಮಗೆ ನಮಸ್ಕಾರ.

ಆದರೆ ಗಾಂಧಾರ ಎಳೆದು ನಿಲ್ಲಿಸಿದಾಗ ಏನೋ ಕಿರಿಕಿರಿ. ತಂಬೂರಿ ಜೊತೆ ಗುಂಯ್ ಗುಂಯ್ ಅನ್ನುತ್ತದೆ. ತಂಬೂರಿ ಟ್ರ್ಯಾಕ್ ಮ್ಯೂಟ್ ಮಾಡಿದರೆ ಹೋಗುತ್ತದೆ.

ತಂತಿ ಮತ್ತು ಮೆಟ್ಟಿಲು · ಬುಧವಾರ, ರಾತ್ರಿ 9.50

ನಿಮ್ಮ ಕಿವಿ ಚೆನ್ನಾಗಿದೆ ಮೇಷ್ಟ್ರೇ. ತಂಬೂರಿಯ ಮಂದ್ರ ಷಡ್ಜದ ತಂತಿಯಲ್ಲೇ ಅಂತರ ಗಾಂಧಾರ ಕೇಳುತ್ತದೆ. ಅದು ಆ ತಂತಿಯ ಐದನೇ ಸಹಜ ಸ್ವರ. ತಾನಾಗಿ ಹುಟ್ಟುವುದಕ್ಕೆ ಸ್ವಯಂಭು ಗಾಂಧಾರ ಅಂತಲೇ ಹೆಸರು. ಕೀಬೋರ್ಡಿನ ಗಾಂಧಾರ ಅದಕ್ಕಿಂತ ಸ್ವಲ್ಪ ಮೇಲಿದೆ. ಒಂದು ಸ್ವರಸ್ಥಾನವನ್ನು ನೂರು ಸೆಂಟ್ ಅಂತ ಲೆಕ್ಕ ಹಾಕಿದರೆ, ಕೀಬೋರ್ಡಿನದು 400, ತಂತಿಯದು 386. ಆ 14 ಸೆಂಟ್ ನಿಮಗೆ ಗುಂಯ್ ಅಂತ ಕೇಳುತ್ತಿದೆ.

ನಿಮ್ಮ ತಂಬೂರಿ ವಾದ್ಯ ನಿಜವಾದ ತಂಬೂರಿಯಿಂದ ರೆಕಾರ್ಡ್ ಮಾಡಿಕೊಂಡ ಧ್ವನಿ ಇರಬೇಕು, ಅದಕ್ಕೇ ಇಷ್ಟು ಸ್ಪಷ್ಟ. ಗಾಂಧಾರದಲ್ಲಿ ನಿಲ್ಲುವ ಕಡೆ ಬೆಂಡನ್ನು 12ರ ರೇಂಜ್‌ನಲ್ಲಿ ಸುಮಾರು 93 ಕೆಳಗೆ ಇಳಿಸಿ. ಪಂಚಮಕ್ಕೆ ಏನೂ ಮಾಡಬೇಡಿ, ಅಲ್ಲಿ ವ್ಯತ್ಯಾಸ 2 ಸೆಂಟ್ ಅಷ್ಟೇ.

ಪೆಂಗ್ವಿನ್ ಹಕ್ಕಿ · ಬುಧವಾರ, ರಾತ್ರಿ 10.05

ಪ್ರತಿ ಸಲ ಕೈಯಲ್ಲಿ ಇಳಿಸುವುದು ಬೇಡ ಅಂದರೆ, ಸರ್ಜ್ ಎಕ್ಸ್‌ಟಿ ಅಂತ ಮುಕ್ತ, ಉಚಿತ ಸಿಂಥ್ ಇದೆ. ಅದಕ್ಕೆ ಸ್ಕಾಲಾ ಫೈಲ್‌ನಲ್ಲಿ (ಸ್ವರಗಳ ಅಂತರ ಬರೆದಿಡುವ ಫೈಲ್) ನಮ್ಮ ಶ್ರುತಿಗಳನ್ನೇ ಬರೆದು ಕೊಡಬಹುದು. ಆಗ ಇಡೀ ಕೀಬೋರ್ಡ್ ಷಡ್ಜಕ್ಕೆ ಸರಿಯಾಗಿ ಕೂರುತ್ತದೆ. ಷಡ್ಜ ಯಾವ ಕೀ ಅಂತ ಹೇಳುವುದು ಮಾತ್ರ ಮರೆಯಬೇಡಿ. ಬಿಳಿ ಐದಕ್ಕೆ ಎತ್ತಿ ಟ್ಯೂನಿಂಗ್ ಬಿಳಿ ಒಂದರಲ್ಲೇ ಉಳಿದರೆ ಎಲ್ಲಾ ಸ್ವರವೂ ತಪ್ಪಿದಂತೆ ಕೇಳುತ್ತದೆ.

ಶಾಲೆ ಮೇಷ್ಟ್ರು · ಶುಕ್ರವಾರ, ಸಂಜೆ 7.15

93 ಇಳಿಸಿದೆ. ಗುಂಯ್ ಅನ್ನುವುದು ನಿಂತಿತು. ಗಾಂಧಾರ ತಂಬೂರಿಯೊಳಗೆ ಹೋಗಿ ಕೂತಂತೆ ಆಯಿತು. ಇವತ್ತು ತರಗತಿಯಲ್ಲಿ ಎರಡನ್ನೂ ಕೇಳಿಸಿ ಯಾವುದು ಚೆನ್ನಾಗಿದೆ ಅಂತ ಕೇಳಿದೆ. ಯಾವುದು ಯಾವುದು ಅಂತ ಹೇಳಿರಲಿಲ್ಲ. ಹೆಚ್ಚಿನ ಮಕ್ಕಳು ಇಳಿಸಿದ್ದಕ್ಕೇ ಕೈ ಎತ್ತಿದರು.

ಮೃದಂಗಕ್ಕೆ ಯಾವ ಕೀಯಲ್ಲಿ ಯಾವ ಸೊಲ್ಲು ಅಂತ ನೆನಪಿಡುವುದು ಕಷ್ಟವಾಗುತ್ತಿದೆ. ಮತ್ತೆ, ನನ್ನ ಹಳೆಯ ವಿದ್ಯಾರ್ಥಿ ಒಬ್ಬ ಶಿರಸಿಯಲ್ಲಿ ರೆಕಾರ್ಡಿಂಗ್ ಮಾಡುತ್ತಾನೆ. ಅವನಿಗೆ ಮಿಡಿ ಫೈಲ್ ಕಳಿಸಿದೆ. ತೆರೆದು 'ಸರ್, ಎಲ್ಲಾ ಪಿಯಾನೊ ಕೇಳುತ್ತಿದೆ' ಅಂದ.

ಒಂದೂವರೆ ಮನೆ · ಶುಕ್ರವಾರ, ರಾತ್ರಿ 8.30

ಎರಡನೆಯದು ಮೊದಲು. ಮೊದಲ ದಿನ ಹೇಳಿದ್ದೇ ಕಾರಣ: ಮಿಡಿ ಫೈಲ್‌ನಲ್ಲಿ ಸದ್ದು ಇಲ್ಲ. ನೀವು ಬೋರ್ಡಿನ ಬರಹ ಕಳಿಸಿದ್ದೀರಿ, ಅವರ ಹತ್ತಿರ ನಿಮ್ಮ ವಾದ್ಯ ಇಲ್ಲ. ಬೆಂಡ್ ರೇಂಜ್ ಕೂಡ ಅಲ್ಲಿ ಎರಡೇ ಇರುತ್ತದೆ, ಹಾಗಾಗಿ ಜಾರು ಎಲ್ಲ ಆರನೇ ಒಂದು ಭಾಗಕ್ಕೇ ನಿಂತಿರುತ್ತದೆ. ಪ್ರತಿ ಟ್ರ್ಯಾಕನ್ನೂ ಬೇರೆ ಬೇರೆ ವೇವ್ ಫೈಲ್ (ಧ್ವನಿಯ ಫೈಲ್) ಆಗಿ ರೆಂಡರ್ ಮಾಡಿ ಕಳಿಸಿ. ಎಲ್ಲವೂ ಹಾಡಿನ ಸೊನ್ನೆಯಿಂದಲೇ ಶುರುವಾಗಲಿ, ಖಾಲಿ ಇದ್ದರೂ ಪರವಾಗಿಲ್ಲ. ಅವರು ಸಾಲಾಗಿ ಇಟ್ಟರೆ ಸಾಕು, ತಾನಾಗಿ ಕೂಡುತ್ತವೆ. ಮಿಡಿ ಫೈಲನ್ನೂ ಜೊತೆಗೆ ಇಡಿ, ತಿದ್ದಲು ಬೇಕಾದೀತು.

ಮೃದಂಗಕ್ಕೆ ಪಿಯಾನೊ ರೋಲ್‌ನಲ್ಲಿ (ನೋಟ್ ತಿದ್ದುವ ಕಿಟಕಿ) ಪ್ರತಿ ಕೀಗೂ ಹೆಸರು ಕೊಡಬಹುದು. 'ತ', 'ದಿ', 'ತೊಂ', 'ನಂ' ಅಂತ ಬರೆದುಕೊಳ್ಳಿ. ಆಮೇಲೆ ಕ್ವಾಂಟೈಸ್ (ನೋಟ್‌ಗಳನ್ನು ತಾಳದ ಗೆರೆಗೆ ಎಳೆಯುವುದು) ಪೂರ್ತಿ ಶೇಕಡ 100ಕ್ಕೆ ಮಾಡಬೇಡಿ. 50, 60ರಷ್ಟು ಎಳೆದರೆ ತಾಳವೂ ನಿಲ್ಲುತ್ತದೆ, ಕೈಯ ಸ್ಪರ್ಶವೂ ಉಳಿಯುತ್ತದೆ.

ತಂತಿ ಮತ್ತು ಮೆಟ್ಟಿಲು · ಶುಕ್ರವಾರ, ರಾತ್ರಿ 9.05

ಮೇಷ್ಟ್ರೇ, ನಾನು ಇರುವುದು ಸಾಗರದಲ್ಲಿ. ದೂರ ಏನಲ್ಲ. ವೀಣೆ ಟ್ರ್ಯಾಕ್ ಹೀಗೇ ಇರಲಿ, ನೀವು ಕಷ್ಟಪಟ್ಟು ಮಾಡಿದ್ದು ಅದು. ನಿಮಗೆ ಇಷ್ಟವಿದ್ದರೆ ಬರುವ ಭಾನುವಾರ ವೀಣೆ ತರುತ್ತೇನೆ. ಒಂದೊಂದೇ ಮೀಟನ್ನು, ಮೆತ್ತಗೆ ಒಂದು ಸಲ, ಜೋರಾಗಿ ಒಂದು ಸಲ ರೆಕಾರ್ಡ್ ಮಾಡಿಕೊಳ್ಳಿ. ರೀಪರ್ ಜೊತೆಗೇ ಬರುವ ಸ್ಯಾಂಪ್ಲರ್‌ನಲ್ಲಿ (ರೆಕಾರ್ಡ್ ಮಾಡಿದ ಸದ್ದನ್ನು ಕೀಗಳಿಗೆ ಕೂರಿಸುವ ವಾದ್ಯ) ಹಾಕಿದರೆ ಮುಂದಿನ ಹಾಡಿಗೆ ನಿಮ್ಮದೇ ವೀಣೆ ಇರುತ್ತದೆ.

ಶಾಲೆ ಮೇಷ್ಟ್ರು · ಶುಕ್ರವಾರ, ರಾತ್ರಿ 9.12

ಬನ್ನಿ ಅಕ್ಕ, ಖಂಡಿತ ಬನ್ನಿ. ಮಧ್ಯಾಹ್ನದ ಊಟ ನಮ್ಮಲ್ಲೇ. ಮಳೆ ಜೋರಿದ್ದರೆ ಹೆಂಚಿನ ಮೇಲೆ ಸದ್ದು ಜಾಸ್ತಿ, ಹಾಗಾಗಿ ಒಳಗಿನ ಕೋಣೆಯಲ್ಲಿ ಕಂಬಳಿ ಕಟ್ಟಿಡುತ್ತೇನೆ. ಮಕ್ಕಳಲ್ಲಿ ನಾಲ್ಕು ಜನರಾದರೂ ವೀಣೆ ನೋಡಲು ಬಂದೇ ಬರುತ್ತಾರೆ.